ಫೆನ್ಯಾ ಅಜ್ಜಿ ಚೆಂಡನ್ನು ಮಣ್ಣು ಮಾಡಿದ್ದು

ದೇವರು ಯಾರ ಕೈಯಲ್ಲಿ ಯಾವ ಕೆಲಸ ಮಾಡಿಸುತ್ತಾನೆ ಎಂಬುದು ಕೆಲಸ ಮುಗಿದ ಮೇಲೇ ನಮಗೆ ತಿಳಿಯುವುದು. ನಮ್ಮ ಫೆನ್ಯಾ ಅಜ್ಜಿಯ ಕೈಯಲ್ಲಿ ಅವನು ಒಂದು ಬೇಸ್‌ಬಾಲ್ ಪಂದ್ಯ ನಡೆಸಿದ. ಅಜ್ಜಿ ಅಲ್ಲಿಯವರೆಗೆ ಆ ಆಟವನ್ನು ಕಣ್ಣಿಂದ ಕಂಡವಳಲ್ಲ. ಕಂಡಿದ್ದರೆ ಬಹುಶಃ ಈ ಕಥೆ ಆಗುತ್ತಲೇ ಇರಲಿಲ್ಲ.

ಅದು ಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆ. ಸ್ಲೋಕನ್ ಕಣಿವೆಯಲ್ಲಿ ಹೊಳೆಯ ಈಚೆಗೆ ರಷ್ಯಾದಿಂದ ವಲಸೆ ಬಂದ ನಮ್ಮ ದುಖೊಬೋರ್ ಪಂಥದ ಜನರ ಹಳ್ಳಿ, ಆಚೆಗೆ ಸರ್ಕಾರ ಹೊಸದಾಗಿ ಕಟ್ಟಿಸಿದ ಹಲಗೆ ಗುಡಿಸಲುಗಳ ಸಾಲು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದವರನ್ನೆಲ್ಲ ಒಂದೊಂದು ಪೆಟ್ಟಿಗೆಯ ಜೊತೆ ಎಬ್ಬಿಸಿ ತಂದು ಆ ಗುಡಿಸಲುಗಳಲ್ಲಿ ಹಾಕಿದ್ದರು. ನಾವು ಬಂದೂಕು ಮುಟ್ಟದವರು, ಮಾಂಸ ತಿನ್ನದವರು. ಯುದ್ಧಕ್ಕೆ ಹೋಗುವುದಿಲ್ಲವೆಂದು ಪೇಟೆಯವರು ನಮ್ಮನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಶತ್ರುವಿನ ಮುಖ ಹೊತ್ತವರೆಂದು ಅವರನ್ನೂ ಹಾಗೇ ನೋಡುತ್ತಿದ್ದರು. ಒಂದೇ ಓರೆಗಣ್ಣಿಗೆ ಬಿದ್ದ ಎರಡು ಮನೆಗಳು ಒಂದನ್ನೊಂದು ಬೇಗ ಗುರುತು ಹಿಡಿಯುತ್ತವೆ. ವಾರಕ್ಕೊಮ್ಮೆ ನಾನು ಗಾಡಿಯಲ್ಲಿ ಎಲೆಕೋಸು, ಆಲೂಗಡ್ಡೆ, ಬೀಟ್ರೂಟು ತುಂಬಿಕೊಂಡು ಶಿಬಿರಕ್ಕೆ ಹೋಗುತ್ತಿದ್ದೆ. ಅಲ್ಲಿಯ ಹುಡುಗರು ಬದಲಿಗೆ ನಮ್ಮ ಹೊಲದಲ್ಲಿ ಕಳೆ ಕೀಳಲು ಬರುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ಇಸಾಮು ಒಬ್ಬ. ಕರಾವಳಿಯ ನಗರದಲ್ಲಿ ಅವರ ಬೀದಿಯ ಹುಡುಗರದೇ ಒಂದು ತಂಡವಿತ್ತಂತೆ. ಎದುರಾಳಿಗಳೆಲ್ಲ ಎತ್ತರದ ಆಳುಗಳು, ಇವರು ಗಿಡ್ಡ, ಸಣಕಲು. ಬಲದಲ್ಲಿ ಗೆಲ್ಲಲಾಗದವರು ಉಪಾಯದಲ್ಲಿ ಗೆಲ್ಲುವುದನ್ನು ಕಲಿತರು. ಬ್ಯಾಟನ್ನು ಬೀಸದೆ ಸುಮ್ಮನೆ ಅಡ್ಡ ಹಿಡಿದು ಚೆಂಡನ್ನು ಕಾಲ ಬುಡದಲ್ಲೇ ಉರುಳಿಸುವುದು, ದೊಡ್ಡವರು ಬಗ್ಗಿ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಜಿಂಕೆಯ ಹಾಗೆ ಓಡುವುದು. ಅದಕ್ಕೆ ಬಂಟ್ ಎನ್ನುತ್ತಾರೆ. ನಮ್ಮ ಕಣಿವೆಯಲ್ಲೂ ಬೆಳ್ಳಿ ಗಣಿಗಳ ಕಾಲದಿಂದ ಆಟವಿತ್ತು, ಊರಿಗೊಂದು ಅಂಗಳವಿತ್ತು. ಗಣಿ ಮುಚ್ಚಿದ ಮೇಲೆ ಹುಲ್ಲು ಬೆಳೆದು ಹಾಳುಬಿದ್ದಿದ್ದ ಅಂಥದೊಂದು ಅಂಗಳದ ಕಲ್ಲು ಆಯ್ದು ಶಿಬಿರದ ಹುಡುಗರು ಮತ್ತೆ ಆಟಕ್ಕೆ ತಂದರು.

ಒಂದು ಗುರುವಾರ ಇಸಾಮು ನನ್ನ ಕೈಗೆ ಒಂದು ಚೆಂಡು ಕೊಟ್ಟ. ಹೊಲಿಗೆ ಬಿಚ್ಚಿ ಬಾಯಿ ತೆರೆದುಕೊಂಡಿತ್ತು.

"ಪೋಲ್ಯಾ, ನಿಮ್ಮಜ್ಜಿ ಕೈಲಿ ಇದನ್ನ ಹೊಲಿಸಿಕೊಡ್ತೀಯಾ? ಅವರ ನಾರಿನ ದಾರ ಕಬ್ಬಿಣದ ಹಾಗಿರುತ್ತೆ ಅಂತಾರೆ ಎಲ್ಲರೂ."

"ಬೇರೆ ಚೆಂಡಿಲ್ವಾ?"

"ಕರಾವಳಿಯಿಂದ ತಂದಿದ್ದು ಇದೊಂದೇ. ಭಾನುವಾರ ಮರದ ಮಿಲ್ಲಿನ ತಂಡ ಬರ್ತಿದೆ. ಶಿಬಿರದ ಅಧಿಕಾರಿ ಅಪ್ಪಣೆ ಕೊಟ್ಟಿದ್ದು ಈ ಒಂದು ಆಟಕ್ಕೆ. ಚೆಂಡು ಕೊಡೋದು ಕರೆದವರ ಲೆಕ್ಕ. ಮಿಲ್ಲಿನವರು ತಮ್ಮದನ್ನೆಲ್ಲ ಕಡಲಾಚೆ ಸೈನಿಕರಿಗೆ ಕಳಿಸಿಬಿಟ್ಟಿದ್ದಾರಂತೆ." ಸ್ವಲ್ಪ ತಡೆದು ಹೇಳಿದ: "ಮಂಗಳವಾರ ನಾನು ಪೂರ್ವಕ್ಕೆ ಹೊರಟೆ. ಸಕ್ಕರೆ ಗೆಡ್ಡೆ ಹೊಲದ ಕೂಲಿಗೆ. ವಾಪಸ್ಸು ಯಾವಾಗ ಅಂತ ಯಾರೂ ಹೇಳ್ತಿಲ್ಲ."

"ಅಮ್ಮ?"

"ಅಮ್ಮ ಇಲ್ಲೇ ಇರ್ತಾರೆ. ಅವರು ನಾನು ಆಡೋದನ್ನ ಒಂದು ಸಲಾನೂ ನೋಡಿಲ್ಲ ಕಣೇ. ನಾವು ಆಡ್ತಿದ್ದ ದಿನಗಳಲ್ಲೆಲ್ಲ ಅವರಿಗೆ ಮೀನಿನ ಕಾರ್ಖಾನೆ ಇರ್ತಿತ್ತು. ಈಗ ಕೆಲಸ ಇಲ್ಲ. ಭಾನುವಾರ ಬರ್ತೀನಿ ಅಂದಿದ್ದಾರೆ."

ನಾನು ಚೆಂಡನ್ನು ತಂದು ಮನೆಯ ಮೇಜಿನ ಮೇಲಿಟ್ಟು, "ಅಜ್ಜಿ, ಇದರ ಬಾಯಿ ಹೊಲೀಬೇಕಂತೆ" ಎಂದು ಕೂಗಿ ಹುಲ್ಲು ಕೊಯ್ಯಲು ಓಡಿದೆ. ಮೇಜಿನ ಮೇಲೆ ನಮ್ಮಲ್ಲಿ ನಂಬಿಕೆಯ ಗುರುತಾಗಿ ಸದಾ ಇರುವ ರೊಟ್ಟಿ, ಉಪ್ಪು, ನೀರಿನ ಹೂಜಿ ಇದ್ದವು. ನಾನು ಅವುಗಳ ಪಕ್ಕದಲ್ಲೇ ಇಟ್ಟಿದ್ದೆ.

ಸಂಜೆ ಬಂದು ನೋಡಿದರೆ ಚೆಂಡಿಲ್ಲ.

"ಅದು ಹೋಯ್ತು ಬಿಡು" ಎಂದಳು ಅಜ್ಜಿ, ಸಾರಿಗೆ ಸಬ್ಬಸಿಗೆ ಹೆಚ್ಚುತ್ತ.

"ಎಲ್ಲಿಗೆ ಹೋಯ್ತಜ್ಜಿ?"

"ಎಲ್ಲರೂ ಹೋಗೋ ಕಡೆಗೆ. ಸೇಬಿನ ಮರದ ಕೆಳಗಿದೆ. ಕುದುರೆ ಚರ್ಮ ಕಣೇ ಅದು. ಸೂಜಿ ಚುಚ್ಚಿದ ಕೂಡ್ಲೇ ನನ್ನ ಕೈಗೆ ಗೊತ್ತಾಯ್ತು. ಸತ್ತವರನ್ನ ತಂದು ಯಾರಾದ್ರೂ ರೊಟ್ಟಿ ಪಕ್ಕ ಇಡ್ತಾರಾ?"

"ಅಜ್ಜಿ, ಅದು ಚೆಂಡು."

"ನಿನಗೆ ಚೆಂಡು. ಕುದುರೆಗೆ?"

ಅಜ್ಜಿ ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ನಮ್ಮ ಜನ ರಷ್ಯಾದಿಂದ ಬಂದ ಮೊದಲ ವರ್ಷ, ಬಯಲು ಸೀಮೆಯಲ್ಲಿ, ಗಂಡಸರು ರೈಲು ಹಾದಿಯ ಕೂಲಿಗೆ ಹೋಗಿ ಎಳೆಯುವ ಪ್ರಾಣಿಗಳು ಸಾಲದಾದಾಗ ಹೆಂಗಸರೇ ಹಗ್ಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆದಿದ್ದರು. ಆ ಸಾಲಿನಲ್ಲಿ ಹದಿಹರೆಯದ ಫೆನ್ಯಾ ಇದ್ದಳು. ಭುಜದ ಗುರುತು ಸ್ನಾನದ ಮನೆಯಲ್ಲಿ ನಾವೆಲ್ಲ ನೋಡಿದ್ದೆವು.

"ನಾನೂ ನೇಗಿಲು ಎಳೆದವಳು. ಅದರ ಕಷ್ಟ ನನಗೆ ಗೊತ್ತು" ಎಂದಳು. "ಬದುಕಿರೋವಾಗ ಹೊಡೆತ ತಿಂದಿದ್ದು ಸಾಲದು ಅಂತ ಸತ್ತ ಮೇಲೂ ದೊಣ್ಣೇಲಿ ಹೊಡೀಬೇಕಾ? ಕೀರ್ತನೆ ಹೇಳಿ ಮಣ್ಣು ಮಾಡಿದ್ದೀನಿ. ಇನ್ನು ಅಗೆಯೋ ಹಾಗಿಲ್ಲ."

ಆಗ ನಾನು ಕೂತು ಎಲ್ಲ ಹೇಳಿದೆ. ಭಾನುವಾರದ ಆಟ, ಮಂಗಳವಾರದ ರೈಲು, ಮಗನ ಆಟವನ್ನೇ ನೋಡದ ತಾಯಿ. ಅಜ್ಜಿ ಕೇಳುತ್ತ ಕೇಳುತ್ತ ಕುಗ್ಗಿಹೋದಳು.

"ಒಂದು ಸಲಾನೂ ನೋಡಿಲ್ವಾ?"

"ಇಲ್ಲ."

"ಕುದುರೆಗೆ ನ್ಯಾಯ ಮಾಡೋಕೆ ಹೋಗಿ ಒಬ್ಬ ತಾಯಿಗೆ ಅನ್ಯಾಯ ಮಾಡಿದೆನಲ್ಲ" ಎಂದಳು. ಆಮೇಲೆ ಎದ್ದು ನೂಲಿನ ಪೆಟ್ಟಿಗೆ ತೆರೆದಳು. "ಬೆಳಿಗ್ಗೆ ಗಾಡಿ ಕಟ್ಟು. ನಾನೇ ಬಂದು ಹೇಳ್ತೀನಿ."

ಇಸಾಮುವಿನ ಗುಡಿಸಲ ಮುಂದೆ ತಂಡದ ಹುಡುಗರು ನಾಲ್ಕಾರು ಜನ ಕೂತಿದ್ದರು. ಅಜ್ಜಿ ರಷ್ಯನ್ ಭಾಷೆಯಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಸಾಮು ಮೆಟ್ಟಿಲ ಮೇಲೆ ಕುಸಿದು ಕೂತ.

"ಹೂತುಬಿಟ್ರಾ? ಹಾಡು ಹೇಳಿ?"

"ನೋಡ್ರಪ್ಪಾ" ಎಂದ ಅವನ ಹಿಂದಿದ್ದ ಒಬ್ಬ, "ಚೆಂಡಿಗೆ ಮೋಕ್ಷ ಸಿಕ್ತು. ನಾವು ಇಲ್ಲೇ ಇದೀವಿ."

ಯಾರೂ ನಗಲಿಲ್ಲ. ಒಳಗಿನಿಂದ ಇಸಾಮುವಿನ ತಾಯಿ ಬಂದರು. ಶಿಗೆಯಮ್ಮ ಎಂದು ನಾವು ಕರೆಯುತ್ತಿದ್ದೆವು. ಮೀನಿನ ಉಪ್ಪುನೀರಿಗೆ ಬೆರಳುಗಳು ಗಂಟುಗಟ್ಟಿದ್ದ ಚಿಕ್ಕ ಆಳಿನ ಹೆಂಗಸು. ಮಗ ತಮ್ಮ ಭಾಷೆಯಲ್ಲಿ ನಡೆದದ್ದನ್ನು ಹೇಳಿದ. ಆಕೆ ಅಜ್ಜಿಯನ್ನೇ ನೋಡಿದರು. ಬಯ್ಯುತ್ತಾರೆ ಎಂದುಕೊಂಡು ಅಜ್ಜಿ ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತಳು. ಶಿಗೆಯಮ್ಮ ಒಳಗೆ ಹೋಗಿ ಊದುಬತ್ತಿ ಹಚ್ಚಿ ತಂದು ಬಾಗಿಲ ಬಳಿ ಮಣ್ಣಿನಲ್ಲಿ ಸಿಕ್ಕಿಸಿದರು.

"ಏನಂತಾರೆ ನಿಮ್ಮಮ್ಮ?" ಎಂದೆ.

ಇಸಾಮು ಬೇಸರದಲ್ಲೇ ಹೇಳಿದ: "ಮುರಿದ ಸೂಜಿಗೂ ನಾವು ವರ್ಷಕ್ಕೊಂದು ಸಲ ಪೂಜೆ ಮಾಡ್ತೀವಿ, ದುಡಿದಿದ್ದಕ್ಕೆ. ಇಷ್ಟು ವರ್ಷ ಮಗ ಆಡಿದ, ಆ ಕುದುರೆ ನನ್ನ ನೆನಪಿಗೇ ಬರಲಿಲ್ಲ, ಈ ಅಜ್ಜಿ ನೆನೆದರು ಅಂತಿದ್ದಾರೆ." ತಾಯಿಯ ಕಡೆ ತಿರುಗಿ ಏನೋ ಗೊಣಗಿದ. ನನಗೂ ಹೇಳಿದ: "ನಾನು ಕುದುರೆ ಬಗ್ಗೆ ಯೋಚಿಸ್ತಿಲ್ಲ, ಭಾನುವಾರದ ಬಗ್ಗೆ ಯೋಚಿಸ್ತಿದೀನಿ ಅಂದೆ."

ಅಜ್ಜಿ ಆಗ ತನ್ನ ಚೀಲ ಬಿಚ್ಚಿದಳು. ಕೈಯಾರೆ ನೂತ ಉಣ್ಣೆಯ ಉಂಡೆಗಳು, ನಾರಿನ ದಾರ, ಜೇನುಮೇಣ, ದಪ್ಪ ನಾರುಬಟ್ಟೆಯ ತುಂಡು, ನಡುವಿಗೆ ಇಡಲು ಒಂದು ಅಕ್ರೋಟು. ಶಿಗೆಯಮ್ಮ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದು ನಕ್ಕರು. ಅವರ ಊರಿನಲ್ಲಿ ಹೊಸ ವರ್ಷಕ್ಕೆ ಹೆಣ್ಣುಮಕ್ಕಳು ದಾರ ಸುತ್ತಿ ಚೆಂಡು ಮಾಡುತ್ತಾರಂತೆ. ಚಿಕ್ಕಂದಿನಲ್ಲಿ ಅವರ ಚೆಂಡೇ ಓಣಿಗೆಲ್ಲ ಚಂದವಂತೆ.

ಇಬ್ಬರೂ ಮೆಟ್ಟಿಲ ಮೇಲೆ ಎದುರುಬದುರು ಕೂತರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅಕ್ರೋಟಿನ ಮೇಲೆ ಒದ್ದೆ ಉಣ್ಣೆ ಸುತ್ತುತ್ತ ಹೋದರು. ಅಜ್ಜಿಯ ಸರದಿ ಬಂದಾಗ ಶಿಗೆಯಮ್ಮ ಅವಳ ಕೈಗೆ ಪಟ್ ಎಂದು ಒಂದು ಏಟು ಕೊಟ್ಟರು.

"ಏನಂತೆ ಇವಳಿಗೆ?"

"ಸಡಿಲ ಆಯ್ತಂತೆ ಅಜ್ಜಿ. ಬಿಗಿಯಾಗಿ ಸುತ್ತಬೇಕಂತೆ."

"ನನ್ನತ್ತೆ ಕೂಡ ನನ್ನ ಕೈಗೆ ಹೊಡೆದಿರಲಿಲ್ಲ" ಎಂದು ಅಜ್ಜಿ ಹೇಳಿದಳು; ಆದರೆ ಮುಖ ಅರಳಿತ್ತು, ದಾರ ಬಿಗಿಯಾಯಿತು. ಉಣ್ಣೆ ಒಣಗಿ ಗಟ್ಟಿಯಾದ ಮೇಲೆ ಶನಿವಾರ ಅಜ್ಜಿ ಬಟ್ಟೆ ಹೊದಿಸಿ, ಮೇಣದ ದಾರದಲ್ಲಿ ಹೊಲಿದಳು. ಇಸಾಮು ಅದನ್ನು ಅಂಗೈಯಲ್ಲಿ ತೂಗಿ ನೋಡಿ ಹೇಳಿದ: "ದುಂಡಗೇನೋ ಇದೆ. ಮಿಲ್ಲಿನವರು ಒಪ್ಪಬೇಕಲ್ಲ."

ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಸಿ ನಾವು ಹೋದಾಗ ಅಂಗಳದ ಸುತ್ತ ಶಿಬಿರವೇ ನೆರೆದಿತ್ತು. ಶಿಗೆಯಮ್ಮ ಟೋಪಿ ಹಾಕಿಕೊಂಡು ಮುಂದಿನ ಹಲಗೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅಜ್ಜಿಗೆ ಜಾಗ ಹಿಡಿದಿದ್ದರು.

ಮಿಲ್ಲಿನ ನಾಯಕ ಗಿಲ್ರಾಯ್ ಎಂಬವನು ಬಾಗಿಲಿನಷ್ಟು ಅಗಲದ ಮನುಷ್ಯ. ಚೆಂಡು ಎಸೆಯುವವನೂ ಅವನೇ. ಅವನು ಚೆಂಡನ್ನು ಹಿಚುಕಿ ನೋಡಿ, "ಇದೇನ್ರಪ್ಪಾ, ಯಾರ ಅಜ್ಜಿ ಕಾಲುಚೀಲ ಇದು?" ಎಂದ. ಅವನ ಕಡೆಯವರು ನಕ್ಕರು. ಒಬ್ಬ ಚರ್ಮದ ಚೆಂಡಿಲ್ಲದೆ ಆಟವಿಲ್ಲ, ನಿಯಮವೇ ಹಾಗೆ, ಹೊರಡೋಣ ಎಂದ. ತೀರ್ಪುಗಾರನಾಗಿ ಬಂದಿದ್ದ ಅಂಚೆಯಣ್ಣ ಚೆಂಡನ್ನು ಮೇಲೆಸೆದು ಹಿಡಿದು, "ನಿಯಮ ಅನ್ನೋದಾದ್ರೆ ಅವನು ಹೇಳಿದ್ದು ಸರಿ. ಎರಡು ಕಡೆಯವರೂ ಒಪ್ಪಿದ್ರೆ ನನ್ನದೇನೂ ಅಡ್ಡಿಯಿಲ್ಲ" ಎಂದ.

ಇಸಾಮು ಗಿಲ್ರಾಯ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಮಂಗಳವಾರ ನಾನು ಹೋಗ್ತಿದೀನಿ. ನಮ್ಮಮ್ಮ ಮೊದಲನೇ ಸಲ ನೋಡೋಕೆ ಬಂದಿದ್ದಾರೆ. ಅಗೋ, ಆ ಟೋಪಿ ಹಾಕಿರೋರು."

ಗಿಲ್ರಾಯ್ ಹಲಗೆಯ ಕಡೆ ನೋಡಿದ. ಅವನ ತಮ್ಮ ಯುದ್ಧದಲ್ಲಿದ್ದಾನೆ ಎಂದು ಕಣಿವೆಗೆಲ್ಲ ಗೊತ್ತಿತ್ತು. ಅವನು ತನ್ನವರ ಕಡೆ ತಿರುಗಿ, "ಎಲೆಕೋಸು ಕೊಟ್ರೂ ಹೊಡೆಯೋರು ನಾವು. ನಡೀರಿ, ಆಡೋಣ" ಎಂದ.

ಎಲೆಕೋಸು ಹೊಡೆಯುವುದೇ ಸುಲಭವಿತ್ತೇನೋ. ಮಿಲ್ಲಿನವರ ಏಟು ಬಿದ್ದರೆ ಚರ್ಮದ ಚೆಂಡು ಹೊಳೆ ದಾಟಬೇಕು. ಉಣ್ಣೆಯದು ದಣಿದ ಹಕ್ಕಿಯ ಹಾಗೆ ನಡುವೆಯೇ ಇಳಿದು ಯಾರದೋ ಕೈಗೆ ಬೀಳುತ್ತಿತ್ತು. ಶಿಬಿರದ ಹುಡುಗರು ಬ್ಯಾಟು ಒಡ್ಡಿ ಉರುಳಿಸಿದರೆ ಅದು ಹುಲ್ಲಿನಲ್ಲಿ ನಿದ್ದೆ ಹೋಗುತ್ತಿತ್ತು. ಬಲಶಾಲಿಗಳಿಗೆ ಒಗ್ಗದ, ಉಪಾಯಗಾರರಿಗೆ ಹೇಳಿ ಮಾಡಿಸಿದ ಚೆಂಡು. ಇದನ್ನು ಯಾರೂ ಎಣಿಸಿ ಮಾಡಿದ್ದಲ್ಲ. ಆದರೂ ಗಿಲ್ರಾಯ್ ತೋಳು ತೋಳೇ. ಕೊನೆಯ ಸುತ್ತಿಗೆ ಬರುವಾಗ ಎರಡೂ ಕಡೆ ಸಮಸಮ. ಚೆಂಡು ಆಲೂಗಡ್ಡೆಯ ಆಕಾರಕ್ಕೆ ಬಂದಿತ್ತು.

ಶಿಬಿರದ ಒಬ್ಬ ಓಟದ ನಿಲುಗಡೆಗಳಲ್ಲಿ ಕೊನೆಯದಾದ ಮೂರನೇ ಬೇಸಿನಲ್ಲಿ ನಿಂತಿದ್ದ. ಅವನು ಹೊರಟ ಜಾಗಕ್ಕೆ ಮರಳಿ ಮುಟ್ಟಿದರೆ ಗೆಲುವು. ಬ್ಯಾಟು ಹಿಡಿದು ಬಂದವನು ಇಸಾಮು. ಶಿಗೆಯಮ್ಮ ಎದ್ದು ನಿಂತರು. ಇದು ಅವನ ಕೊನೆಯ ಸರದಿ, ಜೋರಾಗಿ ಬೀಸುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಗಿಲ್ರಾಯ್ ಕೂಡ ತನ್ನವರನ್ನು ಹಿಂದೆ ಹಿಂದೆ ಕಳಿಸಿದ. ಇಸಾಮು ಬ್ಯಾಟನ್ನು ತೊಟ್ಟಿಲು ಹಿಡಿದಂತೆ ಅಡ್ಡ ಹಿಡಿದ. ಚೆಂಡು ತಾಗಿ ಮುಂದೆ ಒಂದಿಷ್ಟು ಉರುಳಿತು. ಮೂರನೇ ಬೇಸಿನಲ್ಲಿದ್ದವನು ಧೂಳೆಬ್ಬಿಸಿ ಬಂದು ಮುಟ್ಟಿದ. ಗಿಲ್ರಾಯ್ ಓಡಿಬಂದು ಚೆಂಡನ್ನು ಬಾಚಿ, ಇಸಾಮು ಓಡುತ್ತಿದ್ದ ಮೊದಲ ಬೇಸಿಗೆ ಎಸೆದ; ಅವನಿಗಿಂತ ಮುಂಚೆ ಚೆಂಡು ಅಲ್ಲಿಗೆ ಮುಟ್ಟಿತು. ಅಂಚೆಯಣ್ಣ ಇಸಾಮುವಿನ ಕಡೆ ಕೈ ತೋರಿಸಿ ಔಟ್ ಎಂದ.

ಶಿಗೆಯಮ್ಮನಿಗೆ ಕಾರ್ಖಾನೆಯ ಮುರುಕು ಇಂಗ್ಲಿಷ್ ಬರುತ್ತಿತ್ತು. ನನ್ನ ತೋಳು ಹಿಡಿದುಕೊಂಡು ಕೇಳಿದರು: "ನನ್ನ ಮಗ ಔಟಾ?"

"ಹೌದಮ್ಮ."

"ಮತ್ಯಾಕೆ ಅವನನ್ನೇ ಎತ್ಕೊಂಡು ಕುಣೀತಿದ್ದಾರೆ?"

ನಾನು ಇಂಗ್ಲಿಷಿನಲ್ಲಿ ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಟದ ಗಂಧವೇ ಇಲ್ಲದ ನನ್ನಜ್ಜಿ, ಅವರು ಏನು ಕೇಳಿದರೆಂಬುದನ್ನು ಮುಖದಲ್ಲೇ ಓದಿ, ತನ್ನ ರಷ್ಯನ್ ಭಾಷೆಯಲ್ಲೇ ಹೇಳಿದಳು: "ತಾನು ಹಿಂದೆ ಉಳಿದು ಇನ್ನೊಬ್ಬನನ್ನ ದಡ ಮುಟ್ಟಿಸಿದ ಕಣವ್ವ ನಿನ್ನ ಮಗ." ಅದನ್ನು ನಾನು ಇಂಗ್ಲಿಷಿಗೆ ತಂದೆ. ಶಿಗೆಯಮ್ಮ ಮತ್ತೆ ಕೂತರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಹುಡುಗರ ಭುಜದ ಮೇಲಿದ್ದ ಮಗನನ್ನು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿದರೆ ಅಷ್ಟು ಹೊತ್ತು ಕಾಣುವುದಿಲ್ಲವಲ್ಲ.

ಗಿಲ್ರಾಯ್ ಬಂದು ಅಜ್ಜಿಯ ಮುಂದೆ ನಿಂತ. "ಅಮ್ಮಾ, ನೀವು ಮಾಡಿದ ಆ ಗೆಡ್ಡೆ ನನ್ನ ಮರ್ಯಾದೆ ತೆಗೀತು" ಎಂದು ಕೈ ಕುಲುಕಿ ಹೋದ.

ಜನ ಕರಗಿದ ಮೇಲೆ ಶಿಗೆಯಮ್ಮ ಅಜ್ಜಿಯ ಎದುರು ನಿಂತು, ತೊಡೆಯ ಮೇಲೆ ಕೈಯಿಟ್ಟು ಸೊಂಟದವರೆಗೆ ಬಾಗಿದರು. ಅವರಲ್ಲಿ ಉಪಕಾರ ನೆನೆಯುವುದು ಹಾಗೆ. ನಮ್ಮಲ್ಲಿ ಒಬ್ಬರು ಬಾಗಿದರೆ ಅವರೊಳಗಿನ ದೇವರಿಗೆ ನಾವೂ ಬಾಗಬೇಕು. ಅಜ್ಜಿ ಇನ್ನೂ ತಗ್ಗಿ ಬಾಗಿದಳು. ಅವರ ಕಡೆ, ದೊಡ್ಡವರು ತಗ್ಗಿದರೆ ಚಿಕ್ಕವರು ಇನ್ನಷ್ಟು ತಗ್ಗಬೇಕಂತೆ. ಶಿಗೆಯಮ್ಮ ಮತ್ತೆ ಬಾಗಿದರು. ಅಜ್ಜಿ ಮತ್ತೆ ಬಾಗಿದಳು.

"ಪೋಲ್ಯಾ, ಇದು ಮುಗಿಯೋದಲ್ಲ" ಎಂದ ಇಸಾಮು. "ಯಾರಾದ್ರೂ ಒಬ್ಬರು ನಿಲ್ಲಿಸಬೇಕು. ನಿಮ್ಮಜ್ಜಿಗೆ ಹೇಳು."

"ನಿಮ್ಮಮ್ಮನಿಗೆ ನೀನೇ ಹೇಳು."

ಅವನು ಹೇಳಲಿಲ್ಲ. ತಾನೂ ತಾಯಿಯ ಪಕ್ಕ ನಿಂತು ಬಾಗಿದ. ಆ ಇಬ್ಬರು ಹೆಂಗಸರಲ್ಲಿ ಕೊನೆಗೆ ಮೊದಲು ತಲೆಯೆತ್ತಿದವರು ಯಾರು ಎಂದು ನಮ್ಮ ಹಳ್ಳಿಯಲ್ಲಿ ಇವತ್ತಿಗೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ನನ್ನ ತಲೆಯೂ ಬಾಗಿತ್ತು.