ಮುಂದಿನದು

ಪರ ಪರ — ಪ್ಲಾಸ್ಟಿಕ್ಕಿನ ಸದ್ದು, ಇಲಿಯಲ್ಲ, ತೈಪೆಯ ಈ ಒಂಬತ್ತನೇ ಮಹಡಿಗೆ ಇಲಿ ಎಲ್ಲಿಂದ ಬರಬೇಕು, ಮಧ್ಯಾಹ್ನದ ಊಟವಾಗಿ ದೀಪ ಆರಿಸಿದ್ದಾರೆ, ಆಫೀಸಿಗೆ ಆಫೀಸೇ ಮೇಜಿನ ಮೇಲೆ ತಲೆಯಿಟ್ಟು ಮಲಗಿದೆ, ನಾನೂ ಮಲಗಿದವಳ ಹಾಗೆ ಕಣ್ಣು ಮುಚ್ಚಿದ್ದೇನೆ, ಸದ್ದು ಕಂಪ್ಯೂಟರ್ ಯಂತ್ರಗಳ ಕಪಾಟಿನಿಂದ, ಫಾನ್ ಅಣ್ಣ ಹಳೆಯ ಹಸಿರು ಪೊಟ್ಟಣ ತೆಗೆದು ಹೊಸದು ಇಡುತ್ತಿದ್ದಾರೆ, ತೆಂಗಿನ ರುಚಿಯ ಕುರುಕಲು, ಹೆಸರೇ ಜಾಣಮರಿ, ಯಂತ್ರವೂ ಜಾಣಮರಿಯಾಗಿರಲಿ ಅಂತ ಇಡುವುದು, ಇಲ್ಲಿನವರ ನಂಬಿಕೆ, ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಎರಡು ದಿನ ಮೀರಿತ್ತು, ನಿನ್ನೆ ಯಜಮಾನ ಗುವೋ ಎಲ್ಲರೆದುರು, ಏನ್ರೀ ಫಾನ್, ಪೊಟ್ಟಣದ ತಾರೀಖೂ ನೋಡಲ್ಲ, ಬರೆದ ಪ್ರೋಗ್ರಾಮನ್ನೂ ನೋಡಲ್ಲ, ಈ ಪೊಟ್ಟಣ ನಿಮ್ಮ ಕೊರಳಿಗೇ ಕಟ್ಟಬೇಕು ಕಣ್ರೀ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕೆನಲ್ಲ.

ಮೂವತ್ತೇಳು. ಮೊನ್ನೆ, ನಾವು ಸರದಿ ಸಂಖ್ಯೆಯ ಪರದೆ ಹಾಕಿಕೊಟ್ಟ ದವಾಖಾನೆಯ ಗೋಡೆಯ ಮೇಲೆ ಕೆಂಪಗೆ ಮೂವತ್ತೇಳು, ನರ್ಸ್ ಗುಂಡಿ ಒತ್ತುತ್ತಾಳೆ, ಬದಲಾಗುವುದಿಲ್ಲ, ಬಾಯಲ್ಲೇ ಕೂಗತೊಡಗುತ್ತಾಳೆ, ಮೂವತ್ತೆಂಟರ ಚೀಟಿಯ ಅಜ್ಜಿಗೆ ಕಿವಿ ಕೇಳದು, ರಕ್ತಪರೀಕ್ಷೆಗೆಂದು ಬೆಳಗಿನಿಂದ ಉಪವಾಸ, ಕಣ್ಣು ಕೀಳದೆ ಸಂಖ್ಯೆಯನ್ನೇ ನೋಡುತ್ತ ಕೂತಿದ್ದವರು ಕುರ್ಚಿಯಿಂದ ಜಾರಿ ಬಿದ್ದರಂತೆ, ಸೊಂಟದ ಮೂಳೆ. ಸಂಖ್ಯೆ ಬದಲಿಸುವ ಪ್ರೋಗ್ರಾಮಿನ ತುಣುಕು ಫಾನ್ ಅಣ್ಣ ಬರೆದದ್ದು, ಅದಕ್ಕವರು ಇಟ್ಟ ಹೆಸರು ‘ಮುಂದಿನದು’, ಹಾಗಾಗಿ ತಪ್ಪು ಅವರದು, ಯಾರಿಗೂ ಅನುಮಾನವಿಲ್ಲ, ನನಗೂ ಇರಲಿಲ್ಲ, ಅರ್ಧ ಗಂಟೆಯ ಹಿಂದಿನವರೆಗೆ, ಅನ್ನದ ಡಬ್ಬಿ ಪಕ್ಕಕ್ಕಿಟ್ಟು ಸುಮ್ಮನೆ ನಾನು ಬರೆದ ಕಡತ ತೆರೆದೆ, ಅದೇ ಪರದೆಯ ಕೆಳಗೆ ಆರೋಗ್ಯ ಸೂಚನೆಗಳ ಪುಟ ತಿರುಗಿಸುವ ಪುಟ್ಟ ತುಣುಕು, ಹೋದ ವಾರ ಬರೆದದ್ದು, ಮೊನ್ನೆ ಸರದಿಯ ನಡುವೆ ಚಾಲೂ ಆದದ್ದು, ಅದಕ್ಕೆ ನಾನಿಟ್ಟ ಹೆಸರೂ ಮುಂದಿನದು — ಇರಲಿ, ಒಂದೇ ಹೆಸರಿನವರು ಎರಡು ಮನೆಯಲ್ಲಿ ಇರುವುದಿಲ್ಲವೇ, ಹೆಸರಿಗೆ ಮೊದಲು ಲೋಕಲ್ ಎಂಬ ಒಂದು ಪದ ಬರೆದಿದ್ದರೆ ನನ್ನದು ನನ್ನ ಕಡತದೊಳಗೇ ಇರುತ್ತಿತ್ತು, ಬರೆಯದೆ ಬಿಟ್ಟರೆ ಅದು ಇಡೀ ಯಂತ್ರದ್ದಾಗುತ್ತದೆ, ಹಳೆಯದನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ, ಬಿಟ್ಟಿದ್ದೆ, ನರ್ಸ್ ಗುಂಡಿ ಒತ್ತಿದಾಗಲೆಲ್ಲ ನನ್ನ ಪುಟ ತಿರುಗಿದೆ, ಕೈ ತೊಳೆಯಿರಿ, ಉಪ್ಪು ಕಡಿಮೆ ಮಾಡಿ, ಕೈ ತೊಳೆಯಿರಿ, ಮೇಲೆ ಮೂವತ್ತೇಳು.

ಎದ್ದಿದ್ದೀಯೇನಮ್ಮಾ ಸು-ಯುನ್, ಪಿಸುಮಾತು, ಫಾನ್ ಅಣ್ಣ ನನ್ನ ಮೇಜಿನ ಹತ್ತಿರ, ಹಳೇ ಪೊಟ್ಟಣ ಎಸೆಯೋಕೆ ಮನಸ್ಸು ಬರಲಿಲ್ಲ, ತಗೋ ಒಂದೆರಡು, ಎರಡೇ ದಿನ ಮೀರಿರೋದು, ಯಾರೂ ಸಾಯಲ್ಲ — ತಡೆದರು, ಛೆ, ಎಂಥ ಮಾತು ಬಂತು ನೋಡು ಬಾಯಲ್ಲಿ, ಮೂರು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕು ಕಣಮ್ಮಾ, ಅಜ್ಜಿ ಮುಂದೆ ತಲೆ ಬಗ್ಗಿಸೋಕೆ, ಅನಾನಸ್ ಕೇಕ್ ತಂದಿದ್ದೀನಿ, ಮುರಿದ ಮೂಳೆಗೆ ಕೇಕು, ಆದ್ರೆ ತಪ್ಪು ಎಲ್ಲಿ ಅಂತ ಇನ್ನೂ ಸಿಕ್ಕಿಲ್ಲ, ಮೂರು ಸಲ ಓದಿದೆ, ಸರಿಯಾಗೇ ಕಾಣುತ್ತೆ, ವಯಸ್ಸಾಯ್ತು ನೋಡು. ಹೇಳು, ಈಗ ಹೇಳು, ಅಣ್ಣಾ, ಅದು ನಾನು, ಮೂರು ಪದ, ಬಾಯಿಯ ತುಂಬ ತೆಂಗಿನ ಸಿಹಿ, ನಿಮ್ಮದೇನೂ ತಪ್ಪಿರಲಾರದು ಅಣ್ಣಾ ಅಂತೇನೋ ಅಂದೆ, ಒಳ್ಳೇ ಹುಡುಗಿ ನೀನು ಅಂದರು, ಹೋದರು.

ಪರದೆಯ ಬೆಳಕು ತಗ್ಗಿಸಿ ಆ ಪದ ಬರೆದೆ, ಇಂಗ್ಲಿಷಿನ ಐದೇ ಅಕ್ಷರ, ಉಳಿಸಿದೆ, ನಾಳೆ ಸಂಖ್ಯೆ ಬದಲಾಗುತ್ತದೆ, ಹೊಸ ಪೊಟ್ಟಣದ ಮಹಿಮೆ ಅನ್ನುತ್ತಾರೆ, ನಗುತ್ತಾರೆ, ನಾನೂ ನಗುತ್ತೇನೆ, ಯಾರಿಗೂ ಹೇಳುವುದಿಲ್ಲ, ಗುವೋಗೂ ಇಲ್ಲ, ಅಮ್ಮನಿಗೂ ಇಲ್ಲ, ಒಳಗಿನದು ಒಳಗೇ, ದೀಪ ಹಾಕಿದರು, ಕುರ್ಚಿಗಳ ಸದ್ದು, ಬಾಗಿಲ ಬಳಿ ಫಾನ್ ಅಣ್ಣ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಲಿಫ್ಟ್‌ಗೆ ಕಾಯುತ್ತಿದ್ದಾರೆ, ಲಿಫ್ಟಿನ ಮೇಲಿನ ಕೆಂಪು ಅಂಕೆ ಮೂರು, ನಾಲ್ಕು, ಏಳು, ಅಲ್ಲೇ ನಿಂತಿದೆ, ಏಳು, ಮೂವತ್ತೇಳು —