ಹೂ ಬಿಡದ ಪಿಯೋನಿಗಳ ಭಾನುವಾರ

ಗುರುವಾರ ಬೆಳಿಗ್ಗೆ ಹೆಸ್ಟರ್ ಥರ್ಲೋ ಚಹಾದ ಬಟ್ಟಲು ಹಿಡಿದುಕೊಂಡೇ ಪಿಯೋನಿ ಪಾತಿಗೆ ಬಂದು, ಎಲೆಗಳನ್ನು ಸರಿಸಿ ಮೊಗ್ಗು ಹುಡುಕಿದಳು. ನಿನ್ನೆಯೂ ಹುಡುಕಿದ್ದಳು, ಮೊನ್ನೆಯೂ. ಗಿಡಗಳೇನೋ ಮಂಡಿಯೆತ್ತರ ಬೆಳೆದು, ಎಣ್ಣೆ ಸವರಿದಂಥ ಎಲೆ ಹೊತ್ತು, ಯಾವ ಕೊರತೆಯೂ ಇಲ್ಲದವರ ಹಾಗೆ ನಿಂತಿದ್ದವು. ಮೊಗ್ಗು ಮಾತ್ರ ಒಂದೂ ಇರಲಿಲ್ಲ.

ಬೇರೆ ವರ್ಷವಾಗಿದ್ದರೆ ಇದು ಅವಳ ಮತ್ತು ಗಿಡಗಳ ನಡುವೆಯೇ ಮುಗಿದುಹೋಗುತ್ತಿತ್ತು. ಈ ಭಾನುವಾರ ತೋಟದ ಗೇಟು ಎಲ್ಲರಿಗೂ ತೆರೆಯುವುದಿತ್ತು. ಒಳಬರುವವರು ಕೊಡುವ ಶಿಲಿಂಗು ಊರಿನ ದಾದಿಯರ ನಿಧಿಗೆ. ಇಂಗ್ಲೆಂಡಿನ ಸಫೊಕ್‌ನ ಆ ಕಡೆ ಬೇಸಿಗೆಯಲ್ಲಿ ತೋಟಗಳು ಹೀಗೆ ಸರದಿಯಂತೆ ತೆರೆಯುತ್ತವೆ. ಆದರೆ ಹೆಸ್ಟರಳ ತೋಟಕ್ಕೆ ಬರುವವರು ಅದನ್ನು ಮೊದಲೇ ಓದಿಕೊಂಡು ಬರುವವರು. ತಿಂಗಳ ಪತ್ರಿಕೆಯ ಜೂನ್ ಸಂಚಿಕೆಯಲ್ಲಿ, ತನ್ನ ತೋಟದ ಪುಟದಲ್ಲಿ ಅವಳು ಬರೆದಿದ್ದಳು: ‘ಬಾವಿಯ ದಾರಿಯ ಎರಡೂ ಬದಿಗೆ ಪಿಯೋನಿಗಳು ಅರಳಿವೆ. ತಮ್ಮ ತಲೆಯ ಭಾರ ತಾವೇ ತಾಳಲಾರದೆ ಒಂದಕ್ಕೊಂದು ಒರಗಿವೆ. ಬಂದು ನೋಡಿ.’

ಬರೆದದ್ದು ಮಾರ್ಚಿನಲ್ಲಿ. ಪತ್ರಿಕೆಗೆ ಮೂರು ತಿಂಗಳು ಮೊದಲೇ ಬರೆದು ಕಳಿಸಬೇಕು. ಹಿಮ ಬೀಳುವಾಗ ಗುಲಾಬಿಯ ಬಗ್ಗೆ, ಗುಲಾಬಿ ಬಿರಿದಾಗ ಉದುರುವ ಎಲೆಯ ಬಗ್ಗೆ ಬರೆಯುತ್ತಲೇ ಅವಳ ಆಯುಷ್ಯ ಕಳೆದಿತ್ತು. ಮಾರ್ಚಿನ ಆ ದಿನ ಕೆಂಪು ಚಿಗುರುಗಳು ಮಣ್ಣಿನಿಂದ ಬೆರಳುಗಳ ಹಾಗೆ ಮೇಲೆದ್ದಿದ್ದವು. ಉಳಿದದ್ದನ್ನು ಕಾಗದದ ಮೇಲೆ ಅವಳೇ ಅರಳಿಸಿದ್ದಳು.

ಅರಳಿಸುವುದು ಅವಳ ಕಸುಬು. ತಂದೆ ಸತ್ತಾಗ ಅಕ್ಕತಂಗಿಯರಿಗೆ ಉಳಿದದ್ದು ಸೋರುವ ಮಾಡಿನ ಈ ಮನೆ ಒಂದೇ. ಹೆಸ್ಟರ್ ಬರೆದಳು. ಹುಡುಗಿಯರ ಶಾಲೆಯ ಕಥೆ, ಬೇರೆ ಹೆಸರಿನಲ್ಲಿ ಪ್ರೇಮಕಥೆ, ಪತ್ತೇದಾರಿ, ಜಾಮ್ ಕಾಯಿಸುವ ಬಗ್ಗೆ ಒಂದು, ಆಮೇಲೆ ತೋಟದ ಪುಸ್ತಕಗಳು. ಒಟ್ಟು ಎಷ್ಟು ಎಂದು ಯಾರಾದರೂ ಕೇಳಿದರೆ ತಂಗಿ ಯೂನಾಳ ಕಡೆ ನೋಡುತ್ತಿದ್ದಳು. ಎಲ್ಲವನ್ನೂ ಟೈಪು ಮಾಡಿದವಳು ಯೂನಾ. “ತೊಂಬತ್ತು ದಾಟಿದ್ಮೇಲೆ ನಾನೂ ಎಣಿಸೋದು ಬಿಟ್ಟೆ,” ಅನ್ನುತ್ತಿದ್ದಳು ಅವಳು.

ಕಥೆಗಳಲ್ಲಿ ಹೆಸ್ಟರ್ ಮನಸ್ಸಿಗೆ ಬಂದ ಸುಳ್ಳು ಹೇಳಿದ್ದಳು. ಅದಕ್ಕೇ ಪ್ರಕಾಶಕರು ಹಣ ಕೊಡುತ್ತಿದ್ದರು. ತೋಟದ ಪುಟದಲ್ಲಿ ಮಾತ್ರ, ಈ ಜೂನಿನವರೆಗೆ, ಹೇಳಿರಲಿಲ್ಲ; ಮೂರು ತಿಂಗಳು ಮೊದಲೇ ಬರೆದರೂ ಅದು ಹಿಂದಿನ ವರ್ಷಗಳಲ್ಲಿ ಕಣ್ಣಾರೆ ಕಂಡದ್ದೇ ಆಗಿರುತ್ತಿತ್ತು. ಅದೊಂದು ವ್ರತವೆಂದು ಅವಳು ಹಿಡಿದದ್ದಲ್ಲ. ಬೆಳಗೆಲ್ಲ ಇಲ್ಲದ ಜನರ ಬಾಯಿಗೆ ಮಾತು ತುಂಬಿ ದಣಿದು ಹೊರಗೆ ಬಂದರೆ ತೋಟದಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಯಾರಿಗೂ ಮಾತು ಬೇಕಿರಲಿಲ್ಲ. ಆ ಮೌನದ ಬಗ್ಗೆ ಬರೆಯುವಾಗ ಏನನ್ನಾದರೂ ಸೇರಿಸಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

“ಎಷ್ಟು ಸಲ ನೋಡಿದ್ರೂ ಅಷ್ಟೇ ಮಿಸ್,” ಎಂದ ಹಿಂದಿನಿಂದ ಮಾಲಿ ಬಾರೆಟ್. “ಹಾಗೆ ಇಣುಕ್ತಾ ಇದ್ರೆ ಇರೋ ಮೊಗ್ಗೂ ನಾಚ್ಕೊಂಡು ಒಳಗೆ ಹೋಗುತ್ತೆ.”

“ಹೋದ ವರ್ಷ ಮುನಿಸು ಅಂದ್ಕೊಂಡಿದ್ವಿ, ಬಾರೆಟ್. ಜಾಗ ಬದಲಾಯಿಸಿದ್ದಕ್ಕೆ.”

“ಮುನಿಸು ಒಂದು ವರ್ಷ ಇರುತ್ತೆ. ಇದು ಮುನಿಸಲ್ಲ, ಆಳ ಆಗಿದೆ.” ಅವನು ಪೈಪು ಬಾಯಿಂದ ತೆಗೆದ. “ನೀವು ಇವನ್ನ ನೆಟ್ಟ ದಿನ ನಾನಂತೂ ಹಲ್ಲು ಕೀಳಿಸೋಕೆ ಇಪ್ಸ್ವಿಚ್‌ಗೆ ಹೋಗಿದ್ದೆ.”

“ಗೊತ್ತು.”

“ಸುಮ್ನೆ ಜ್ಞಾಪಿಸ್ದೆ.”

ಪಿಯೋನಿಯ ಗಡ್ಡೆಯ ಮೇಲೆ ಎರಡು ಬೆರಳಿಗಿಂತ ಹೆಚ್ಚು ಮಣ್ಣು ಬೀಳಬಾರದು, ಹೂತರೆ ಅದು ಎಲೆ ಕೊಡುತ್ತದೆಯೇ ಹೊರತು ಹೂ ಕೊಡುವುದಿಲ್ಲ: ಇದನ್ನು ಹೆಸ್ಟರ್ ತನ್ನ ಒಂದೊಂದು ತೋಟದ ಪುಸ್ತಕದಲ್ಲೂ ಬರೆದಿದ್ದಳು. ಆದರೆ ಅವನ್ನು ಈ ಜಾಗಕ್ಕೆ ತಂದು ನೆಟ್ಟ ಸೆಪ್ಟೆಂಬರಿನಲ್ಲಿ ಅವಳ ಪತ್ತೇದಾರಿ ಕಾದಂಬರಿ ಕೊನೆಯ ಅಧ್ಯಾಯದಲ್ಲಿತ್ತು. ಬಡಕಲು ಪಾದ್ರಿಯೊಬ್ಬ ಸತ್ತವನನ್ನು ಚರ್ಚಿನ ಹಿತ್ತಲಲ್ಲಿ ಹೂಳಬೇಕಿತ್ತು. ಅವನ ತೋಳಿಗೆ ಎಷ್ಟು ಆಳ ತೋಡಲು ಸಾಧ್ಯ ಎಂದು ಯೋಚಿಸುತ್ತ ಅವಳು ಸಲಿಕೆ ಹಾಕಿದಳು. ಗುಂಡಿ ಪಾದ್ರಿಯ ಕೆಲಸಕ್ಕೆ ಸರಿಹೋಯಿತು. ಅದರಲ್ಲೇ ಪಿಯೋನಿ ಇಟ್ಟು ಮುಚ್ಚಿ, ಒಳಗೆ ಓಡಿ ಅಧ್ಯಾಯ ಮುಗಿಸಿದಳು. ಕಾದಂಬರಿ ಚೆನ್ನಾಗಿಯೇ ಮಾರಾಟವಾಯಿತು.

ಮಧ್ಯಾಹ್ನ ತಣ್ಣನೆ ಕುರಿಮಾಂಸ ಬಡಿಸುತ್ತ ಯೂನಾ ಅಕ್ಕನಿಗೆ ಹೇಳಿದಳು: “ಇದಕ್ಕೆ ಮುಖ ಸಣ್ಣ ಮಾಡ್ಕೊಂಡು ಕೂತ್ಕೋತಾರಾ ಹೆಟ್ಟಿ? ಹೋದ ವಾರ ಬರಬೇಕಿತ್ತು ನೀವು ಅಂದ್ಬಿಡು. ಎಲ್ರೂ ಅನ್ನೋದೇ ತಾನೆ.”

ಎಲ್ಲರೂ ಅನ್ನುವುದೇ. ಆ ನಾಡಿನಲ್ಲಿ ತೋಟ ತೋರಿಸುವವರು ಯಾರೂ ಈ ಮಾತು ಹೇಳದೆ ಬಿಟ್ಟವರಲ್ಲ. ಹೋದ ವಾರ ಬಂದಿದ್ದರೆ ಐರಿಸ್ ನೋಡಬಹುದಿತ್ತು, ಮೊನ್ನೆ ಗಾಳಿಗೆ ಮುಂಚೆ ಬಂದಿದ್ದರೆ ಗುಲಾಬಿ. ಬಂದವರು, ಈಗಲೇ ಎಷ್ಟು ಚಂದವಿದೆ ಅನ್ನುತ್ತಾರೆ. ಟೋಪಿ ಎತ್ತಿ ನಮಸ್ಕರಿಸಿದ ಹಾಗೆ ಅದು. ಸುಳ್ಳೋ ನಿಜವೋ ಎಂದು ಯಾರೂ ನೋಡುವುದಿಲ್ಲ.

“ಹೂ ಬಿಟ್ಟು ಮುಗಿದಿದ್ರೆ ಕತ್ತರಿಸಿದ ಕಾಂಡ ಇರ್ಬೇಕಲ್ಲ,” ಎಂದಳು ಹೆಸ್ಟರ್.

“ಅಲ್ಲಲ್ಲಿ ನಾಲ್ಕು ಕಾಂಡ ಕತ್ತರಿಸಿಡು ಅಂತ ಬಾರೆಟ್‌ಗೆ ಹೇಳಿದೀನಿ.”

“ನಿನ್ನ ತಲೆ ಯಾವಾಗಿಂದ ಹೀಗೆ ಓಡೋಕೆ ಶುರುವಾಯ್ತು?”

“ನಿನ್ನ ಕೊಲೆಗಳನ್ನೆಲ್ಲ ಟೈಪು ಮಾಡಿದೋಳು ನಾನೇ ಅಲ್ವಾ?”

ಹೆಸ್ಟರ್ ಉಪ್ಪಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ನಿಜ ಹೇಳಿದರೆ ಮಾರ್ಚಿನಲ್ಲಿ ಕೂತು ಜೂನನ್ನು ಬರೆದದ್ದು ಬಯಲಾಗುತ್ತದೆ. ಇಷ್ಟು ವರ್ಷ ನಂಬಿ ಓದಿದವರು, ಹಾಗಾದರೆ ಉಳಿದದ್ದೂ ಹೀಗೆಯೇ ಇರಬಹುದು ಅಂದುಕೊಳ್ಳುತ್ತಾರೆ. ತೊಂಬತ್ತು ಚಿಲ್ಲರೆ ಪುಸ್ತಕ ಬರೆದಿದ್ದರೂ ತನ್ನದೆಂದು ಅವಳು ಅಂದುಕೊಂಡದ್ದು ಪತ್ರಿಕೆಯ ಆ ಒಂದು ಪುಟವನ್ನು ಮಾತ್ರ. ಶನಿವಾರ ಓದುವ ಕೋಣೆಯ ಕಿಟಕಿಯಿಂದ ಬಾರೆಟ್‌ನ ಕತ್ತರಿಯ ಸದ್ದು ಕೇಳಿಸಿತು. ಎದ್ದು ಹೋಗಿ ಬೇಡ ಅನ್ನಬಹುದಿತ್ತು. ಅವಳು ಸದ್ದು ನಿಲ್ಲುವವರೆಗೆ ಕೂತೇ ಇದ್ದಳು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಬಸ್ಸು ಮಾಡಿಕೊಂಡು ಬಂದವರು, ಸೈಕಲ್ಲಿನವರು, ಪತ್ರಿಕೆ ಕಂಕುಳಲ್ಲಿಟ್ಟವರು, ಟೋಪಿಯ ಹೆಂಗಸರು. ಯೂನಾ ಸೇಬಿನ ಮರದ ಕೆಳಗೆ ಮೇಜು ಹಾಕಿ ಚಹಾ, ಶುಂಠಿ ಕೇಕು ಇಟ್ಟಿದ್ದಳು. ಬಾವಿಯ ದಾರಿಗೆ ಬಂದವರು ಒಮ್ಮೆ ನಿಂತು, ಪಾತಿ ನೋಡಿ, “ಅಯ್ಯೋ, ನಾವೇ ತಡವಾಗಿ ಬಂದ್ವಿ ಅನ್ಸುತ್ತೆ,” ಅಂದುಕೊಂಡು ಮುಂದೆ ಹೋದರು. ಹೆಸ್ಟರ್ ಮುಗುಳ್ನಕ್ಕಳು. ಆಮೇಲೆ ಕರ್ನಲ್ ಟ್ರಿಂಡರ್ ಅವರ ಹೆಂಡತಿ ನೇರವಾಗಿ ಕೇಳಿದಾಗ, “ಹೋದ ವಾರ ಬರಬೇಕಿತ್ತು ನೀವು,” ಅಂದೇಬಿಟ್ಟಳು. ಎಷ್ಟು ಸಲೀಸಾಗಿ ಬಂತು ಆ ಮಾತು. ಮಿಸೆಸ್ ಟ್ರಿಂಡರ್, “ಛೆ, ನೋಡಿ,” ಎಂದು ತೃಪ್ತಿಯಿಂದ ತಲೆಯಾಡಿಸಿದಳು.

ಅವಳ ಹಿಂದೆಯೇ ಕಪ್ಪು ಕೋಟಿನ ಗಿಡ್ಡ ಹೆಂಗಸೊಬ್ಬಳು ನಿಂತಿದ್ದಳು. ಹೆಸರು ಮಿಸೆಸ್ ಆಲರ್‌ಶಾ. ದೂರದ ಉತ್ತರದ ಲ್ಯಾಂಕಶೈರಿನಿಂದ ಹತ್ತಿರದ ಫೆಲಿಕ್ಸ್‌ಸ್ಟೋದ ತಂಗಿಯ ಮನೆಗೆ ಬಂದವಳು ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಳು. ಅವಳು ಹೂವನ್ನು ಹುಡುಕುತ್ತಿರಲಿಲ್ಲ, ಎಲೆಗಳನ್ನೇ ನೋಡುತ್ತಿದ್ದಳು.

“ನನ್ನವೂ ಥೇಟ್ ಹೀಗೇ ಇವೆ ಮಿಸ್ ಥರ್ಲೋ,” ಎಂದಳು. “ಎಲೆ ನೋಡಿದ್ರೆ ಇಷ್ಟು. ಹೂ ಮಾತ್ರ ಒಂದು ಸಲಾನೂ ಇಲ್ಲ. ನಮ್ಮೆಜಮಾನ್ರು ಹೋಗೋಕೆ ಮುಂಚೆ ನೆಟ್ಟಿದ್ದು. ನಿಮ್ಮ ಪುಸ್ತಕದಲ್ಲಿ ಚಿತ್ರ ನೋಡಿ ನಾನೇ ಬೇಕು ಅಂದಿದ್ದೆ. ನಿನ್ನ ಕೈಗುಣ ಸರಿಯಿಲ್ಲ, ಕಿತ್ತು ಆಲೂಗಡ್ಡೆ ಹಾಕು ಅಂತಾಳೆ ನಮ್ಮ ನಾದಿನಿ. ಇರ್ಲಿ, ನಿಮ್ಮವನ್ನ ಅರಳಿರೋದು ಒಂದ್ಸಲ ಕಣ್ತುಂಬ ನೋಡಿ, ಮನೆಗೆ ಹೋಗಿ ಕಿತ್ತುಬಿಡೋಣ ಅಂತ ಬಂದೆ.”

ಚಹಾದ ತಟ್ಟೆ ಹಿಡಿದು ಬಂದಿದ್ದ ಯೂನಾ ಸಹಾಯಕ್ಕೆ ನಿಂತಳು. “ಪಾಪ, ನೀವು ಹೋದ ವಾರ ಏನಾದ್ರೂ…”

“ಇಲ್ಲ ಯೂನಾ,” ಎಂದಳು ಹೆಸ್ಟರ್.

ಯೂನಾ ಚಹಾದ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

“ಇವು ಹೂ ಬಿಟ್ಟೇ ಇಲ್ಲ, ಮಿಸೆಸ್ ಆಲರ್‌ಶಾ. ಹೋದ ವಾರಾನೂ ಇಲ್ಲ, ಹೋದ ವರ್ಷಾನೂ ಇಲ್ಲ. ಆ ಕತ್ತರಿಸಿರೋ ಕಾಂಡ ಬರೀ ತೋರಿಕೆಗೆ. ಅರಳಿವೆ ಅಂತ ನಾನು ಬರೆದಿದ್ದು ಮಾರ್ಚಿನಲ್ಲಿ, ಚಿಗುರು ನೋಡಿ. ಆಳಕ್ಕೆ ನೆಟ್ಟುಬಿಟ್ಟಿದೀನಿ. ನಿಮಗೂ ಅದೇ ಆಗಿರ್ಬೇಕು.”

ಸುತ್ತ ನಿಂತವರೆಲ್ಲ ಬೇರೆ ಕಡೆ ನೋಡಿದರು. ಅಷ್ಟು ಜನರೆದುರು ಯಾರೋ ಎಡವಿ ಬಿದ್ದಾಗ ಕಾಣದವರಂತೆ ಮುಖ ತಿರುಗಿಸುವ ಹಾಗೆ. ಮಿಸೆಸ್ ಟ್ರಿಂಡರ್ ತಲೆಯೆತ್ತಿ, ಒಂದು ಮೋಡವೂ ಇಲ್ಲದ ಆಕಾಶ ನೋಡಿ, “ಸಂಜೆಗೆ ಮಳೆ ಬರೋ ಹಾಗಿದೆ,” ಎಂದಳು. ಕನ್ನಡಕದ ಗಂಡಸೊಬ್ಬ ಪತ್ರಿಕೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಗೇಟಿನ ಕಡೆ ಹೊರಟ. ಹೆಸ್ಟರ್ ಅವನನ್ನು ನೋಡಿದಳು. ಅವನು ಹೋದದ್ದು ಸರಿಯಾಗಿಯೇ ಇತ್ತು.

ಮಿಸೆಸ್ ಆಲರ್‌ಶಾ ಕೈಚೀಲ ಕೆಳಗಿಟ್ಟು, ಪಾತಿಯ ಅಂಚಿಗೆ ಮಂಡಿಯೂರಿ, ಬೆರಳನ್ನು ಮಣ್ಣೊಳಗೆ ಇಳಿಸಿದಳು. “ಎಷ್ಟಿರಬೇಕಿತ್ತು?”

“ಎರಡು ಬೆರಳು. ಅಡ್ಡಡ್ಡ.”

“ನನ್ನ ಬೆರಳು ಪೂರ್ತಿ ಮುಳುಗ್ತು, ಗಡ್ಡೆ ಇನ್ನೂ ಸಿಕ್ಕಿಲ್ಲ.” ಅವಳು ತಲೆಯೆತ್ತಿದಳು. “ನಿಮ್ಮ ಪುಸ್ತಕ ನೀವು ಓದಲ್ವಾ?”

“ಬರೆದಾದ್ಮೇಲೆ ಓದಲ್ಲ,” ಎಂದಳು ಹೆಸ್ಟರ್. “ಆವತ್ತು ತಲೇಲಿ ಒಬ್ಬನನ್ನ ಹೂಳೋದಿತ್ತು. ಅವನ ಅಳತೆಗೆ ತೋಡ್ಬಿಟ್ಟೆ.”

ಅಲ್ಲೇ ನಿಂತಿದ್ದ ಬಾರೆಟ್ ಕೆಮ್ಮಿದ. ಮಿಸೆಸ್ ಆಲರ್‌ಶಾಗೆ ನಗು ಬಂತು. ಮೊದಲು ತಡೆದುಕೊಂಡಳು, ಆಮೇಲೆ ತಡೆಯಲಿಲ್ಲ. “ನಮ್ಮೆಜಮಾನ್ರು ಕಲ್ಲಿದ್ದಲ ಗಣೀಲಿದ್ರು, ಮಿಸ್ ಥರ್ಲೋ. ಸಲಿಕೆ ಕೈಗೆ ಕೊಟ್ರೆ ನಿಲ್ಲಿಸೋದೇ ಗೊತ್ತಿರ್ಲಿಲ್ಲ. ಒಂದು ಗುಲಾಬಿ ನೆಡಿ ಅಂದ್ರೆ ಸೊಂಟದವರೆಗೆ ಇಳೀತಿದ್ರು.” ಅವಳು ಕಣ್ಣೊರೆಸಿಕೊಂಡಳು. ಬೆರಳಿನ ಮಣ್ಣು ಕೆನ್ನೆಗೆ ಹತ್ತಿತು. “ಹಾಗಾದ್ರೆ ನನ್ನ ಕೈಗುಣ ಅಲ್ಲ.”

“ಅಲ್ಲವೇ ಅಲ್ಲ. ಕೀಳಬೇಡಿ. ಸೆಪ್ಟೆಂಬರಲ್ಲಿ ಎತ್ತಿ ಮೇಲಕ್ಕೆ ನೆಡಿ. ಒಂದು ವರ್ಷ ಮುಖ ಊದಿಸ್ಕೊಂಡಿರುತ್ತೆ. ಆಮೇಲೆ ಬರುತ್ತೆ.”

“ಬರುತ್ತೆ ಅಂತೀರಾ?”

ಹೆಸ್ಟರ್ ಯೋಚಿಸಿದಳು. “ಬರ್ಬೇಕು,” ಎಂದಳು. “ಬಂದ್ಮೇಲೇ ಬರೀತೀನಿ.”

ಆಗ ಹಿಂದಿನಿಂದ ಒಬ್ಬ ಗಂಡಸಿನ ದನಿ, ಯಾರಿಗೂ ಅಲ್ಲ ಎಂಬಂತೆ, ಚಿಗುರು ತಿನ್ನಲೆಂದು ಹಾಕಿದ ತನ್ನ ಶತಾವರಿ ಪಾತಿ ನಾಲ್ಕು ವರ್ಷದಿಂದ ಒಂದು ಚಿಗುರನ್ನೂ ಕೊಟ್ಟಿಲ್ಲವೆಂದೂ, ಹೆಂಡತಿಗೆ ತಿಳಿಯದ ಹಾಗೆ ಅಂಗಡಿಯಿಂದ ತಂದು ಕೊಡುತ್ತಿರುವುದಾಗಿಯೂ ಹೇಳಿತು. ಅವನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. “ನಂಗೆ ಮೊದಲ ವರ್ಷಾನೇ ಗೊತ್ತಿತ್ತು ಕಣೋ,” ಎಂದಳು. ಇನ್ನೊಬ್ಬಳು ಗಿಡಗಳ ಬೇಲಿಯೊಂದನ್ನು ತಪ್ಪು ತಿಂಗಳಲ್ಲಿ ಕತ್ತರಿಸಿ ಕೊಂದದ್ದನ್ನು ಹೇಳಿದಳು. ಮಿಸೆಸ್ ಟ್ರಿಂಡರ್ ಸ್ವಲ್ಪ ಹೊತ್ತು ಆಕಾಶವನ್ನೇ ನೋಡಿ, ತಮ್ಮ ಮ್ಯಾಗ್ನೋಲಿಯಾ ಮರದ ವಿಷಯ ಕರ್ನಲ್‌ಗೆ ಇವತ್ತಿಗೂ ತಿಳಿದಿಲ್ಲ ಎಂದು ಶುರುಮಾಡಿದಳು.

ಯೂನಾ ಶುಂಠಿ ಕೇಕಿನ ತಟ್ಟೆಯನ್ನು ಅಲ್ಲಿಗೇ ತಂದಳು. ಈಗ ಎಲ್ಲರೂ ಇಲ್ಲೇ ಸೇರಿದ್ದರು, ಗುಲಾಬಿಗಳ ಕಡೆ ಯಾರೂ ಇರಲಿಲ್ಲ. ಹೆಸ್ಟರ್ ಮಿಸೆಸ್ ಆಲರ್‌ಶಾಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು. ಯಾರ ಬಾಯಿಗೂ ಮಾತು ಹಾಕದೆ, ಅವರು ಹೇಳುತ್ತಿದ್ದುದನ್ನು ಅವರ ಮಾತಿನಲ್ಲೇ ಕೇಳುತ್ತ ಕೂತಿದ್ದಳು.