ಚಾಲಕನ ಬದಿಯ ಬಾಗಿಲು

ಮೇಸ್ತ್ರಿಯ ಕಾರು ನನ್ನ ಪಟ್ಟಿಯಲ್ಲಿ ಒಂಬತ್ತನೆಯದು. ಎಪ್ಪತ್ತೊಂದನೆಯ ಇಸವಿಯ ಡಾಟ್ಸನ್, ಉದ್ದ ಮೂತಿ, ಎರಡೇ ಸೀಟು, ಕಡುಹಸಿರು. ಮಾಲೀಕರ ಜಾಗದಲ್ಲಿ ಅವರ ಹೆಸರು ಓದಿ ಪೆನ್ನಿನ ಕ್ಯಾಪು ಕಚ್ಚಿಕೊಂಡು ನಿಂತೆ. ಇಪ್ಪತ್ತೆಂಟು ವರ್ಷ ಆ ಹೆಸರನ್ನು ನಾನು ಬಾಯಲ್ಲಿ ಆಡಿರಲಿಲ್ಲ.

ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನದಲ್ಲಿ ನಾನು ಬಣ್ಣದ ತೀರ್ಪುಗಾರ. ಉಳಿದ ದಿನಗಳಲ್ಲಿ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಪ್ರದರ್ಶನಕ್ಕೆ ಬರುವಾಗ ಒಂದು ಟಾರ್ಚು, ತಗಡೋ ಪುಟ್ಟಿಯೋ ನೋಡಲು ಬಟ್ಟೆ ಸುತ್ತಿದ ಆಯಸ್ಕಾಂತ, ಮತ್ತೆ ಬಣ್ಣ ಅಳೆಯುವ ಮೀಟರು ತರುತ್ತೇನೆ. ಮೀಟರನ್ನು ತಗಡಿನ ಮೇಲಿಟ್ಟು ಗುಂಡಿ ಒತ್ತಿದರೆ ಮೂರು ಅಂಕಿ ತೋರಿಸುತ್ತದೆ: ಎಷ್ಟು ತಿಳಿ, ಎಷ್ಟು ಹಸಿರು, ಎಷ್ಟು ನೀಲಿ. ಕಾರ್ಖಾನೆಯಿಂದ ಹೊರಬಂದ ದಿನ ಆ ಕಾರು ಯಾವ ಬಣ್ಣದಲ್ಲಿತ್ತೋ ಅದೇ ಬಣ್ಣದಲ್ಲಿರಬೇಕು. ಕಡಿಮೆಯಾದರೂ ತಪ್ಪು, ಮಿಗಿಲಾದರೂ ತಪ್ಪು. ಒಂದು ಅಂಕಕ್ಕಿಂತ ಹೆಚ್ಚು ಕಳೆದರೆ ಕಾರಣವನ್ನು ಮಾಲೀಕರ ಎದುರು ಗಟ್ಟಿಯಾಗಿ ಓದಬೇಕೆಂಬುದು ನಿಯಮ. ಅದಕ್ಕಿಂತ ಕಡಿಮೆಯಾದರೆ ಬರೆದು ಸಹಿ ಹಾಕಿಸಿಕೊಂಡರೆ ಸಾಕು. ಎಷ್ಟು ಕಳೆಯಬೇಕೆಂಬುದು ತೀರ್ಪುಗಾರನಿಗೆ ಬಿಟ್ಟದ್ದು.

ಎಂಟನೆಯ ಕಾರು ಮುಗಿಸಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಉಗುರಿನ ಬುಡದಲ್ಲೆಲ್ಲ ಹಸಿರು.

"ಅಣ್ಣಾ, ಗುರುತು ಸಿಗಲಿಲ್ವಾ?"

ಮೇಸ್ತ್ರಿಯ ಮಗಳು. ನಾನು ಅವರ ಶೆಡ್ಡಿನಲ್ಲಿದ್ದಾಗ ಎರಡು ಜಡೆ ಹಾಕಿಕೊಂಡು ಮಧ್ಯಾಹ್ನ ನಮಗೆಲ್ಲ ಚಹಾ ತಂದುಕೊಡುತ್ತಿದ್ದವಳು. ಈಗ ಕೂದಲು ಅರ್ಧ ನೆರೆತಿತ್ತು.

"ಚಾಲಕನ ಬದಿ ಬಾಗಿಲು ನೋಡ್ತೀರಿ ನೀವು, ಗೊತ್ತಾಗೇ ಆಗುತ್ತೆ," ಎಂದಳು. "ಅಪ್ಪನಿಗೆ ಸಕ್ಕರೆ ಕಾಯಿಲೆ. ಕಣ್ಣಿನ ಹಿಂದಿನ ಪರದೆ ಹಾಳಾಗಿದೆ. ಮೊದಲು ನೀಲಿ ಕಾಣೋದು ಹೋಗುತ್ತೆ ಅಂದ್ರು ಡಾಕ್ಟ್ರು. ಹೋಗಿದೆ. ಅವರಿಗೆ ಹೇಳಿಲ್ಲ."

"ಬಣ್ಣ ಯಾರು ಕಲಸಿದ್ದು ಹಾಗಾದ್ರೆ?"

"ಅವರೇ ಕಲಸ್ತಿದ್ರು. ಅವರು ಊಟ ಮಾಡಿ ಮಲಗಿದ ಮೇಲೆ ಅದನ್ನ ಚೆಲ್ಲಿ, ನಾನು ಬೇರೆ ಕಲಸಿ ಹೊಡೀತಿದ್ದೆ. ಮೂರು ವರ್ಷ ಹಿಡೀತು ಈ ಹಸಿರು ಸಿಗೋಕೆ. ಆ ಬಾಗಿಲು ಮಾತ್ರ ನಾನೇ ಹೊಡೀತೀನಿ ಅಂತ ಹಠ ಹಿಡಿದ್ರು. ಹೊಡೆದು ಅದರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ರು. ಮುಟ್ಟೋಕೆ ಆಗಲಿಲ್ಲ." ಅವಳು ಸೆರಗಿನಿಂದ ನಲ್ಲಿಯ ಹಿಡಿ ಒರೆಸಿದಳು, ಸುಮ್ಮನೆ. "ಅರ್ಧ ಅಂಕ ಕಳೆದು ಬರ್ಕೊಳ್ಳಿ ಅಣ್ಣಾ. ಓದಬೇಡಿ. ಅವರು ನಿಮಗೆ ಮಾಡಿದ್ದು ನನಗೂ ಗೊತ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ನಾನು "ನೋಡೋಣ" ಎಂದೆ.

ಅವರು ಮಾಡಿದ್ದು ಇಷ್ಟು. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದೆ ನಾನು ಅವರ ಶೆಡ್ಡು ಸೇರಿದ್ದೆ. ಐದು ವರ್ಷ ತಗಡು ಉಜ್ಜಿದೆ. ಒಂದು ದಿನ ಅವರೇ ಕಲಸಿದ ಕೆಂಪನ್ನು ನೋಡಿ, ಇದರಲ್ಲಿ ಹಳದಿ ಒಂದು ಹನಿ ಹೆಚ್ಚಾಯಿತೇನೋ ಎಂದೆ. ಅವರು ಬ್ರಷ್ಷು ಅದ್ದಿ ನನ್ನ ಹಣೆಯಿಂದ ಗಲ್ಲದವರೆಗೆ ಒಂದು ಗೆರೆ ಎಳೆದರು. "ಗೇಟಿನ ಹತ್ರ ನಿಂತ್ಕೋ. ಬಂದೋರನ್ನೆಲ್ಲ ಕೇಳು, ಇದು ಸರಿಯಾದ ಕೆಂಪಾ ಅಂತ." ಸಂಜೆಯವರೆಗೆ ನಿಂತೆ. ಬಂದವರೆಲ್ಲ ನಕ್ಕರು. ಅಂದಿನಿಂದ ನಾನು ಡಿಗ್ರಿ ಕುರುಡ. ಶೆಡ್ಡು ಬಿಟ್ಟ ಮೇಲೂ ಹೆಸರು ಬೆನ್ನು ಬಿಡಲಿಲ್ಲ. ನನ್ನ ಮದುವೆಯಲ್ಲಿ ಯಾರೋ ಹಾಗೇ ಕರೆದು, ಹೆಂಡತಿ ಗಾಬರಿಯಾಗಿ ನನ್ನ ಕಣ್ಣು ನೋಡಿದ್ದಳು.

ಒಂಬತ್ತನೆಯ ಕಾರಿನ ಮುಂದೆ ಮೇಸ್ತ್ರಿ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲಿನ ಗುಂಡಿಯವರೆಗೆ ಹಾಕಿದ್ದು. ಅವರು ಬಣ್ಣ ಹೊಡೆದ ಬೇರೆಯವರ ಕಾರುಗಳು ಹನ್ನೊಂದು ಹಿತ್ತಾಳೆ ಫಲಕ ಗೆದ್ದಿದ್ದವು. ಸ್ವಂತ ಕಾರು ತಂದದ್ದು ಇದೇ ಮೊದಲು.

"ಯಾರದು, ನಮ್ಮ ಡಿಗ್ರಿ ಕುರುಡನಾ? ಬಾ ಬಾ. ಹೆಜ್ಜೆ ಸದ್ದು ಕೇಳಿದ್ರೇ ಗೊತ್ತಾಗುತ್ತೆ. ಈಗ್ಲೂ ಕಾಲು ಎಳೀತೀಯ." ಸುತ್ತಲಿನವರಿಗೆ ಹೇಳಿದರು, "ಇವನಿಗೆ ಬ್ರಷ್ಷು ಹಿಡಿಯೋದು ಕಲಿಸಿದ್ದು ನಾನು. ಕಲಿಯಲಿಲ್ಲ, ಅದಕ್ಕೇ ತೀರ್ಪು ಕೊಡ್ತಾನೆ."

ಪಕ್ಕದ ಕೆಂಪು ಕಾರಿನ ದಂತವೈದ್ಯರು ನಕ್ಕರು. ನಾನೂ ನಕ್ಕೆ.

ಬಾನೆಟ್ಟಿನಿಂದ ಶುರುಮಾಡಿದೆ. ಕಾರ್ಖಾನೆಯ ಅಂಕಿಗಳು ನನ್ನ ಕಡತದಲ್ಲಿದ್ದವು. ಬಾನೆಟ್ಟು, ಟಾಪು, ಹಿಂಬದಿ ಎಲ್ಲವೂ ಅವಕ್ಕೆ ಕೂದಲೆಳೆಯಷ್ಟು ಹತ್ತಿರ. ಇಷ್ಟು ಹತ್ತಿರದ ಕೆಲಸವನ್ನು ನಾನು ಲ್ಯಾಬಿನಲ್ಲೂ ಮಾಡಿರಲಿಲ್ಲ. ಮಗಳು ಕಾರಿನ ಆಚೆ ಬದಿಯಲ್ಲಿ ನಿಂತು ಒಂದು ಬಟ್ಟೆಯನ್ನು ಮಡಚುತ್ತ ಬಿಡಿಸುತ್ತ ಇದ್ದಳು. ಚಾಲಕನ ಬಾಗಿಲಿನ ಹತ್ತಿರ ಬಂದಾಗ ಮೀಟರು ಬೇಕಾಗಲಿಲ್ಲ. ಬಿಸಿಲಿನಲ್ಲಿ ಆ ಹಸಿರು ನವಿಲಿನ ಕತ್ತಿನ ಹಾಗೆ ನೀಲಿಗೆ ತಿರುಗಿತ್ತು. ಕೆಲಸ ಮಾತ್ರ ಗಾಜಿನಷ್ಟು ನಯ. ಒಂದು ಹನಿ ಇಳಿದಿರಲಿಲ್ಲ, ಒಂದು ಧೂಳಿನ ಕಣ ಕೂತಿರಲಿಲ್ಲ.

ಅರ್ಧ ಅಂಕ ಬರೆಯಬಹುದಿತ್ತು. ಪೆನ್ನು ಅಂಕ ಬರೆಯುವ ಚೌಕದ ಮೇಲೆ ನಿಂತಿತ್ತು. ಮುಖದ ಮೇಲೆ ಬಣ್ಣ ಒಣಗಿದಾಗ ಚರ್ಮ ಬಿಗಿಯುವುದು ನೆನಪಿದೆ ನನಗೆ. ನಗಬೇಕೆಂದರೂ ಆಗುವುದಿಲ್ಲ.

ಎರಡೂವರೆ ಎಂದು ಬರೆದೆ. ಗಟ್ಟಿಯಾಗಿ ಓದಿದೆ:

"ಚಾಲಕನ ಬದಿಯ ಬಾಗಿಲಿನ ಬಣ್ಣ ಉಳಿದ ಮೈಗೆ ಹೊಂದುವುದಿಲ್ಲ. ಕಣ್ಣಿದ್ದವರಿಗೆ ಕಾಣುವಷ್ಟು ವ್ಯತ್ಯಾಸ. ಎರಡೂವರೆ ಅಂಕ ಕಳೆಯಲಾಗಿದೆ."

ನಡುವಿನ ವಾಕ್ಯ ನಮೂನೆಯಲ್ಲಿ ಇಲ್ಲ. ನಾನು ಸೇರಿಸಿದ್ದು.

ಮಗಳ ಕೈಯಲ್ಲಿ ಬಟ್ಟೆ ನಿಂತಿತು.

ಮೇಸ್ತ್ರಿ ಎದ್ದರು. ಬಾಗಿಲಿಗೆ ಮೂಗು ತಾಗುವಷ್ಟು ಬಗ್ಗಿದರು, ಆಮೇಲೆ ಬಾನೆಟ್ಟಿಗೆ, ಮತ್ತೆ ಬಾಗಿಲಿಗೆ. "ಡಾಕ್ಟ್ರೇ, ಇಲ್ಲಿ ಬನ್ನಿ. ನೋಡಿ ಹೇಳಿ. ಎರಡೂ ಒಂದೇ ಅಲ್ವಾ?"

ದಂತವೈದ್ಯರು ಬಂದು ನೋಡಿದರು, ನೋಡಿ ಮೇಸ್ತ್ರಿಯ ಮುಖ ನೋಡಿದರು. "ಒಂದೇ ಅಲ್ವೇ ಮತ್ತೆ? ನನಗಂತೂ ಹಸಿರಾಗೇ ಕಾಣುತ್ತಪ್ಪ."

"ನೀವು?"

ಬಿಳಿ ಕಾರಿನ ಯಜಮಾನ ಗಡ್ಡ ಕೆರೆದುಕೊಂಡ. "ಬಿಸಿಲು ಜಾಸ್ತಿ ನೋಡಿ. ಈ ಬಿಸಿಲಲ್ಲಿ ಏನು ಹೇಳೋಕಾಗುತ್ತೆ."

ಎಲ್ಲರೂ ಹೀಗೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮೇಸ್ತ್ರಿ ನನ್ನ ಕಡೆ ತಿರುಗಿದರು. "ಕೇಳಿದ್ಯಾ? ಅವತ್ತೂ ಊರೆಲ್ಲ ಒಂದು ಹೇಳ್ತು, ನೀನೊಂದು ಹೇಳ್ದೆ."

ಅಲ್ಲಿಗೆ ಬಿಡಬಹುದಿತ್ತು. ನಾನು ಮೀಟರು ತೆಗೆದೆ. ಬಾನೆಟ್ಟಿನ ಮೇಲಿಟ್ಟು ಅಂಕಿ ಓದಿದೆ, ಬಾಗಿಲಿನ ಮೇಲಿಟ್ಟು ಅಂಕಿ ಓದಿದೆ. ಮೂರನೆಯ ಅಂಕಿಗಳ ನಡುವೆ ಆರರಷ್ಟು ಅಂತರ. ಲ್ಯಾಬಿನಲ್ಲಿ ಒಂದು ದಾಟಿದರೆ ಡಬ್ಬಿ ವಾಪಸ್ಸು. ದಂತವೈದ್ಯರು ತಮ್ಮ ಬೂಟು ನೋಡಿಕೊಂಡರು.

ಮೇಸ್ತ್ರಿ ತುಟಿ ಅಲ್ಲಾಡಿಸುತ್ತ ನಿಂತರು. ಈಗ ತಿಳಿಯುತ್ತದೆ ಎಂದುಕೊಂಡೆ. ಅವರ ಮುಖವನ್ನು ನಾನು ಬಿಡದೆ ನೋಡುತ್ತಿದ್ದೆ. ಇಪ್ಪತ್ತೆಂಟು ವರ್ಷ ಇದಕ್ಕೇ ಕಾದಿದ್ದೆನೆಂದು ಆಗ ಗೊತ್ತಾಯಿತು.

"ಒಂದೇ ಡಬ್ಬಿ ಬಣ್ಣ," ಎಂದರು ನಿಧಾನವಾಗಿ. "ನಾನು ಕಲಸಿದ್ದು. ಬಾಗಿಲು ನಾನು ಹೊಡೆದೆ. ಉಳಿದದ್ದು ಇವಳು." ತಲೆ ಮಗಳ ಕಡೆ ತಿರುಗಿತು. "ನಾನು ಕಲಸಿಟ್ಟ ಬಣ್ಣ ಹೊಡೆದ್ಯೇನೇ ನೀನು?"

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂಬುದಷ್ಟೇ ಇತ್ತು.

"ಇಲ್ಲಪ್ಪ."

"ಏನು ಮಾಡ್ದೆ?"

"ಕೈ ತಾಗಿ ಚೆಲ್ಲಿ ಹೋಯ್ತು. ಬೈತೀರಿ ಅಂತ ನಾನೇ ಕಲಸಿದೆ."

"ಚೆಲ್ಲಿ ಹೋಯ್ತಂತೆ!" ಮೇಸ್ತ್ರಿಯ ದನಿಗೆ ಜೀವ ಬಂತು. "ಕೇಳಿದ್ರಾ ಡಾಕ್ಟ್ರೇ? ಮೂರು ವರ್ಷ ಕಷ್ಟಪಟ್ಟ ನನ್ನ ಬಣ್ಣ ಚೆಲ್ಲಿ, ತನ್ನ ಗಂಜಿ ಬಳಿದಿದ್ದಾಳೆ. ಇಡೀ ಕಾರಲ್ಲಿ ಸರಿಯಾಗಿರೋದು ಒಂದು ಬಾಗಿಲು! ಗಂಡನ ಮನೇಲೂ ಬಾಳಲಿಲ್ಲ, ಇಲ್ಲೂ ಒಂದು ಡಬ್ಬಿ ಕಾಯೋಕಾಗಲಿಲ್ಲ. ನಿನ್ನ ಕೈಗೆ ಸ್ಪ್ರೇ ಗನ್ನು ಕೊಟ್ಟ ನನಗೆ ಹೊಡ್ಕೋಬೇಕು ಚಪ್ಪಲಿ ತಗೊಂಡು."

"ಹೋಗ್ಲಿ ಬಿಡಿ ಮೇಸ್ತ್ರಿ," ಎಂದರು ದಂತವೈದ್ಯರು, ತಪ್ಪಿಸಿಕೊಂಡ ಖುಷಿಯಲ್ಲಿ. "ನಿಮ್ಮ ಕೈ ಎಲ್ಲಿ, ಅವರ ಕೈ ಎಲ್ಲಿ. ಕಲೀತಾರೆ, ಚಿಕ್ಕೋರು."

ಅವಳಿಗೆ ನಲವತ್ತು.

"ಮನೆಗೆ ಹೋದ ತಕ್ಷಣ ಎಲ್ಲ ಕೆರೆದು ಹಾಕ್ತೀಯ. ಬಾನೆಟ್ಟು, ಟಾಪು, ಒಂದೂ ಬಿಡದ ಹಾಗೆ. ನನ್ನ ಬಾಗಿಲಿಗೆ ಹೊಂದಿಸಿ ಹೊಡೀತೀಯ. ಗೊತ್ತಾಯ್ತಾ?"

"ಆಯ್ತಪ್ಪ."

ಆಮೇಲೆ ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ಐದು ವರ್ಷದಲ್ಲಿ ಒಮ್ಮೆಯೂ ಇಡದ ಕೈ. "ನಿನ್ನ ಕಣ್ಣು ಸುಧಾರಿಸಿದೆ ಕಣೋ. ನೀನಿಲ್ಲದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಹೇಳು, ಬಾಗಿಲೇ ಸರಿ ಅಲ್ವಾ?"

ಕಾರ್ಖಾನೆಯ ಅಂಕಿ ನನ್ನ ಕಂಕುಳಿನ ಕಡತದಲ್ಲಿತ್ತು. ಹಾಳೆ ತಿರುಗಿಸಿದರೆ ಸಾಕಿತ್ತು. ಅವಳು ಕಾರಿನಾಚೆಯಿಂದ ನನ್ನನ್ನು ನೋಡುತ್ತಲೇ ಇದ್ದಳು.

"ಹೊಂದುವುದಿಲ್ಲ ಅಂತಷ್ಟೇ ನಾನು ಬರೆಯೋದು," ಎಂದೆ. "ಯಾವುದು ಸರಿ ಅಂತ ಹೇಳೋದು ನನ್ನ ಕೆಲಸ ಅಲ್ಲ."

ಅದು ಸುಳ್ಳು. ಮೇಸ್ತ್ರಿ ತೃಪ್ತಿಯಿಂದ ತಲೆಯಾಡಿಸಿ, ನಾನು ತೋರಿಸಿದ ಕಡೆ, ಗೆರೆಯಿಂದ ಎರಡು ಬೆರಳು ಕೆಳಗೆ ಸಹಿ ಹಾಕಿದರು.

ಮಧ್ಯಾಹ್ನ ಫಲಕಗಳು ಬೇರೆಯವರಿಗೆ ಹೋದ ಮೇಲೆ ನಾನು ಮೇಜಿನ ಹತ್ತಿರ ಮೀಟರನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಅವಳು ಬಂದಳು. ಆಚೆ ಹಸಿರು ಕಾರಿನಲ್ಲಿ ಮೇಸ್ತ್ರಿ ಸದ್ಯಕ್ಕೆ ಚಾಲಕನ ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ ತಮ್ಮ ಬಾಗಿಲನ್ನು ಸವರುತ್ತಿದ್ದರು.

"ಮರಿ," ಎಂದೆ.

"ಆ ಬಾಗಿಲಿನ ಅಂಕಿ ಬರ್ಕೊಡಿ ಅಣ್ಣಾ. ಮೂರೂ." ಅವಳು ಒಂದು ಚೀಟಿ ಮುಂದಿಟ್ಟಳು. "ನೋಡಿ ಹೊಂದಿಸೋಕೆ ಹೋದ್ರೆ ಮತ್ತೆ ವರ್ಷಗಟ್ಟಲೆ ಆಗುತ್ತೆ. ಅವರ ಕಣ್ಣು ಅಲ್ಲೀವರೆಗೆ ಇರಲ್ಲ."

ಬರೆದೆ. ಅವಳು ನನ್ನ ಏಳನ್ನು ಒಂದು ಎಂದು ಓದಿ ಕೇಳಿದಳು, ತಿದ್ದಿ ಕೊಟ್ಟೆ.

"ಉಳಿದ ಮೈಯದ್ದೂ ಬರೆದುಕೊಡ್ಲಾ? ಮುಂದೆ ಯಾವಾಗಾದ್ರೂ ಬೇಕಾದ್ರೆ..."

ಅವಳು ಚೀಟಿಯನ್ನು ನಾಲ್ಕಾಗಿ ಮಡಚಿದಳು.

"ಅದು ಬೇಡ. ಅದು ನನಗೆ ಬರುತ್ತೆ."